ಬ್ಲೇಸ್ ಪಾಸ್ಕಲ್: ತಂದೆ ಗುರುತಿಸಿದ ಪ್ರತಿಭೆ

ಗಣಿತಜ್ಞ, ಕ್ರೈಸ್ತ ಚಿಂತಕ ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಫ್ರಾನ್ಸಿನಲ್ಲಿ ಜನಿಸಿದರು. ಎಳವೆಯಲ್ಲೇ ತಾಯಿಯನ್ನು ಕಳಕೊಂಡ ಮಗನಿಗೆ ತಂದೆ ಎತಿಯೆನ್ ಮನೆಯಲ್ಲೇ ಪಾಠ ಹೇಳಿದರು. ಭಾಷಾ ಕಲಿಕೆಗೆ ಅಡ್ಡಿಯಾಗಬಾರದೆಂದು ಗಣಿತ ಪುಸ್ತಕಗಳನ್ನು ದೂರವಿಟ್ಟರು. ಆದರೆ ಅಕ್ಕ ಜಿಲ್ಬರ್ತ್ ಬರೆದಿರುವಂತೆ, 12ರ ಬಾಲಕ ನೆಲದ ಮೇಲೆ ಗೆರೆ, ವೃತ್ತಗಳನ್ನೆಳೆದು ತ್ರಿಕೋನದ ಗುಟ್ಟನ್ನು ತಾನಾಗಿಯೇ ಹುಡುಕುತ್ತಿದ್ದ. ಇದನ್ನು ಕಂಡ ತಂದೆ ಗದರಿಸಲಿಲ್ಲ. ತನ್ನ ನಿಯಮವನ್ನೇ ಬದಲಿಸಿ ಯೂಕ್ಲಿಡನ ಗ್ರಂಥ ಕೊಟ್ಟರು, ವಿದ್ವಾಂಸರ ಕೂಟಕ್ಕೆ ಸೇರಿಸಿದರು. 1642ರಲ್ಲಿ ತಂದೆಯ ತೆರಿಗೆ ಲೆಕ್ಕಕ್ಕೆ ನೆರವಾಗಲು ಮಗ ಲೆಕ್ಕದ ಯಂತ್ರ ರಚಿಸಲು ತೊಡಗಿದರು. ಬಡವರನ್ನು ಪ್ರೀತಿಸಿದ ಅವರು 1662ರಲ್ಲಿ, 39ರ ಹರೆಯದಲ್ಲಿ ದೈವಾಧೀನರಾದರು. 2023ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಸ್ಮರಣಾರ್ಥ ಪ್ರೇಷಿತ ಪತ್ರ ಹೊರಡಿಸಿದರು.

ನಮ್ಮ ಮನೆಗಳಲ್ಲೂ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ. ಅವರ ಬಾಯಿ ಮುಚ್ಚಿಸದಿರೋಣ. ದೇವರಿತ್ತ ವರವನ್ನು ಗುರುತಿಸಿ, ಬೇಕಿದ್ದರೆ ನಮ್ಮ ನಿಯಮಗಳನ್ನೇ ಬದಲಿಸೋಣ.