ಭಾಸ್ಕರಾಚಾರ್ಯರು ಮತ್ತು ತ್ರಿಕೋನಮಿತಿ

ವಿದ್ಯಾರ್ಥಿ ಮಿತ್ರರೇ, ತ್ರಿಕೋನಮಿತಿಯ ನಿತ್ಯಸಮೀಕರಣಗಳೆಂದರೆ ರಾಜೂರಿನಂಥ ನಮ್ಮ ಊರುಗಳ ಎಷ್ಟೋ ಮಕ್ಕಳಿಗೆ ಅಂಜಿಕೆ. ಸೂತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತಾರೆ. ಆ ಸೂತ್ರಗಳನ್ನು ದುಡಿಸಿಕೊಂಡು ಗ್ರಹಗಳ ಗತಿಯನ್ನೇ ಲೆಕ್ಕ ಹಾಕಿದ ಮಹಾನುಭಾವರು ಭಾಸ್ಕರಾಚಾರ್ಯರು.

ಅವರು ಹುಟ್ಟಿದ್ದು ಕ್ರಿ.ಶ. 1114ರಲ್ಲಿ. ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ತಮ್ಮ ಊರೆಂದು ಅವರೇ ತಿಳಿಸಿದ್ದಾರೆ. ಅದು ಇಂದಿನ ವಿಜಯಪುರವೆಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ ಕಡೆಯದೆಂಬುದು ಇನ್ನು ಕೆಲವು ವಿದ್ವಾಂಸರ ಮತ. ತಂದೆ ಮಹೇಶ್ವರರೇ ಗುರುಗಳು. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಭಾಸ್ಕರರು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು.

ಲಂಬಕೋನ ತ್ರಿಭುಜದ ವಿಕರ್ಣ 1 ಆದರೆ, ಉಳಿದೆರಡು ಬಾಹುಗಳೇ ಸೈನ್ ಮತ್ತು ಕೊಸೈನ್. ಪೈಥಾಗೊರಸ್ ಪ್ರಮೇಯದಂತೆ ಅವುಗಳ ವರ್ಗಗಳ ಮೊತ್ತ 1. ಆದ್ದರಿಂದ ಸೈನ್ 3/5 ಎಂದು ಗೊತ್ತಾದರೆ, ಲಘುಕೋನದ ಕೊಸೈನ್ 4/5 ಎಂದು ಅಳೆಯದೆಯೇ ಹೇಳಬಹುದು. ಎರಡು ಕೋನಗಳ ಮೊತ್ತದ ಸೈನ್ ಬೇಕಾದರೆ, ಒಂದೊಂದರ ಸೈನನ್ನು ಮತ್ತೊಂದರ ಕೊಸೈನಿನಿಂದ ಗುಣಿಸಿ ಕೂಡಿಸಬೇಕು. 45 ಮತ್ತು 30 ಡಿಗ್ರಿಗಳು ಗೊತ್ತಿದ್ದವರಿಗೆ 75 ಡಿಗ್ರಿಯೂ ಸಿಕ್ಕಿತು.

ಭಾಸ್ಕರರು ಮಾಡಿದ್ದೂ ಇದನ್ನೇ. ಹಿಂದಿನವರ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ 24 ಸೈನ್ ಬೆಲೆಗಳಿದ್ದವು. ಅವರು ಒಂದೊಂದು ಡಿಗ್ರಿಗೂ ಒಂದರಂತೆ 90 ಬೆಲೆಗಳನ್ನು ಪಡೆಯುವ ದಾರಿ ತೋರಿದರು. ಒಂದು ಡಿಗ್ರಿ ಮುಂದೆ ಹೋಗಲು, ಸೈನಿನಲ್ಲಿ ಅದರ 6569ನೆಯ ಒಂದು ಪಾಲನ್ನು ಕಳೆದು, ಕೊಸೈನಿನ 573ರಲ್ಲಿ 10 ಪಾಲನ್ನು ಕೂಡಿಸಬೇಕು. ಕ್ಯಾಲ್ಕುಲೇಟರಿನಲ್ಲಿ ನೀವೇ ಪರೀಕ್ಷಿಸಿ ನೋಡಿರಿ, ವ್ಯತ್ಯಾಸ ಅತ್ಯಲ್ಪ.

ವಿದ್ಯೆಗೆ ಗಡಿಯಿಲ್ಲ. ಕೋನಗಳ ಮೊತ್ತದ ಇದೇ ನಿಯಮವನ್ನು ಬಾಗ್ದಾದಿನಲ್ಲಿ ಅಬುಲ್ ವಫಾ (940–998) ಮೊದಲೇ ಸಾಧಿಸಿದ್ದರು. ಸಂಸ್ಕೃತದ 'ಜ್ಯಾ' ಅರಬ್ಬಿಯಲ್ಲಿ 'ಜೈಬ್' ಆಗಿ, ಲ್ಯಾಟಿನ್ನಿನಲ್ಲಿ 'ಸೈನಸ್' ಆಗಿ, ಇಂದು ನಮ್ಮ ಪಠ್ಯಕ್ಕೆ 'ಸೈನ್' ಆಗಿ ಮರಳಿದೆ.

1183ರಲ್ಲಿ, ಇಳಿವಯಸ್ಸಿನಲ್ಲೂ, ಭಾಸ್ಕರರು 'ಕರಣ ಕುತೂಹಲ'ವನ್ನು ಬರೆದರು. ಅವರ ಗ್ರಂಥಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವ ಮಠವನ್ನು ಸ್ಥಾಪಿಸಿದ. ಅದಕ್ಕೆ ದತ್ತಿ ದೊರೆತದ್ದನ್ನು 1207ರ ಶಾಸನ ಹೇಳುತ್ತದೆ. 1587ರಲ್ಲಿ ಅಕ್ಬರನ ಆಸ್ಥಾನಕವಿ ಫೈಜಿ 'ಲೀಲಾವತಿ'ಯನ್ನೂ, ಷಹಜಹಾನನ ಕಾಲದಲ್ಲಿ ಅತಾವುಲ್ಲಾ ರಶೀದಿ 'ಬೀಜಗಣಿತ'ವನ್ನೂ ಪಾರ್ಸಿಗೆ ತಂದರು.

ಆದ್ದರಿಂದ ಮಿತ್ರರೇ, ಸೂತ್ರವನ್ನು ಬರೀ ಕಂಠಪಾಠ ಮಾಡಬೇಡಿರಿ. ಒಮ್ಮೆ ಸ್ವತಃ ಸಾಧಿಸಿರಿ. ಸಾಧಿಸಿದ್ದು ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು. ಬಾಯಿಪಾಠ ಮರೆತರೆ ಕೈ ಬರಿದು.