ಇಂಜಿನಿಯರಿಂಗ್ ಓದಿ ಕ್ಯಾಮೆರಾ ಹಿಡಿದ ದೀನ್ ದಯಾಳ್

ಕಲಬುರಗಿ, ಕಮಲಾಪುರ ಎಲ್ಲಾ ನಿಜಾಮರ ಕೈಯಲ್ಲಿದ್ದ ಕಾಲದಲ್ಲಿ ಅವರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್. ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾ. ಓದಿದ್ದು ರೂರ್ಕಿಯ ಥಾಮಸನ್ ಕಾಲೇಜು, ಅಂದ್ರೆ ನಮ್ಮ ಹಾಗೇ ಇಂಜಿನಿಯರಿಂಗ್! ಇಂದೋರಿನಲ್ಲಿ ಪಿಡಬ್ಲ್ಯೂಡಿ ಡ್ರಾಫ್ಟ್ಸ್‌ಮನ್ ಆದರು. ಕ್ಯಾಮೆರಾ ಹುಚ್ಚು ಹತ್ತಿದ್ದು ಅಲ್ಲೇ. ಕೊನೆಗೆ ಆ ಸರ್ಕಾರಿ ನೌಕರಿ ಬಿಟ್ಟೇ ಬಿಟ್ಟರು. ಇವತ್ತು ನಾವು ಹಾಗೆ ಮಾಡಿದ್ರೆ ಮನೇಲಿ ಏನಂತಾರೆ, ಯೋಚಿಸಿ.

ಆರನೇ ನಿಜಾಮ ಮಹಬೂಬ್ ಅಲಿ ಖಾನ್‌ಗೆ ಶಿಕಾರಿ ಅಂದ್ರೆ ಪ್ರಾಣ. ದೊಡ್ಡವರು ಬಂದೂಕಿನ ಟ್ರಿಗರ್ ಒತ್ತಿದ ಮೇಲೆ ದೀನ್ ದಯಾಳರ ಸರದಿ. 1902ರಲ್ಲಿ ವೈಸರಾಯ್ ಕರ್ಜನ್ ಹೊಡೆದ ಹುಲಿಯ ಫೋಟೋ ಅವರದ್ದೇ. ಪಾಪ, ಅಲುಗಾಡದೆ ಪೋಸ್ ಕೊಟ್ಟಿದ್ದು ಹುಲಿ ಮಾತ್ರ.

1905ರಲ್ಲಿ ತೀರಿಕೊಂಡರು. ಅವರ ಸಾವಿರಾರು ಗಾಜಿನ ನೆಗೆಟಿವ್‌ಗಳು ಈಗ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.