ಕ್ರಿಸ್ಟಿಯನ್ ಬಿರ್ಕೆಲಾಂಡ್

ವಿದ್ಯೆಯ ಲೋಕದಲ್ಲಿ ದೊಡ್ಡವರ ಮಾತೇ ಪ್ರಮಾಣವೆಂಬ ನಂಬುಗೆ ಎಷ್ಟು ಬಲವಾದುದೋ ಅಷ್ಟೇ ಅಪಾಯಕರವಾದುದು. ನಾರ್ವೆ ದೇಶದ ಬಿರ್ಕೆಲಾಂಡನ ಚರಿತ್ರೆಯು ಇದಕ್ಕೆ ನಿದರ್ಶನವಾಗಿರುವುದರಿಂದ ಅದನ್ನು ವಾಚಕಮಹಾಶಯರ ಮುಂದಿಡುತ್ತೇವೆ.

ಈತನು 1867ನೆಯ ಇಸವಿ ಡಿಸೆಂಬರ್ 13ರಂದು, ಈಗ ಆಸ್ಲೋ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾ ನಗರದಲ್ಲಿ ಜನಿಸಿದನು; 1898ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಉತ್ತರದೇಶಗಳ ರಾತ್ರಿಯಾಕಾಶದಲ್ಲಿ ಬಣ್ಣದ ತೆರೆಗಳಂತೆ ಓಲಾಡುವ ಧ್ರುವಪ್ರಭೆಯೂ, ಆ ವೇಳೆಯಲ್ಲಿ ದಿಕ್ಸೂಚಿಯ ಮುಳ್ಳು ತಲ್ಲಣಿಸುವುದೂ ಈತನ ಬುದ್ಧಿಯನ್ನು ಸೆರೆಹಿಡಿದುವು. ಭೂಮಿಯ ಕಾಂತಕ್ಷೋಭೆಗಳಿಗೂ ಸೂರ್ಯನಿಗೂ ಸಂಬಂಧವಿಲ್ಲವೆಂದು ಬ್ರಿಟನ್ನಿನ ಲಾರ್ಡ್ ಕೆಲ್ವಿನ್ನನು 1892ರಲ್ಲಿಯೇ ತೀರ್ಪಿತ್ತಿದ್ದನು. ಬಿರ್ಕೆಲಾಂಡನು ಅದಕ್ಕೆ ತಲೆಬಾಗಲಿಲ್ಲ.

ನಾರ್ವೆಯ ಉತ್ತರದಲ್ಲಿ ಹಾಲ್ಡೆ ಎಂಬ ಹಿಮಗಿರಿಯ ನೆತ್ತಿಯಲ್ಲಿ ವೀಕ್ಷಣಾಲಯವನ್ನು ಕಟ್ಟಿಸಿ, 1899ರ ಚಳಿಗಾಲವನ್ನು ಅಲ್ಲಿಯೇ ಕಳೆದನು. ಸಹಚರನೊಬ್ಬನು ಹಿಮಕುಸಿತಕ್ಕೆ ಬಲಿಯಾದನು. ಆದರೂ 1902-03ರಲ್ಲಿ ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗನ್, ನೊವಾಯಾ ಜೆಮ್ಲ್ಯಾ ಎಂಬ ನಾಲ್ಕು ಕಡೆಗಳಲ್ಲಿ ಏಕಕಾಲಕ್ಕೆ ಅಳತೆಗಳನ್ನು ನಡೆಯಿಸಿದನು. ಪ್ರಯೋಗಶಾಲೆಯಲ್ಲಿ, ಗಾಳಿಯನ್ನು ತೆಗೆದ ಪಾತ್ರೆಯೊಳಗೆ ಕಾಂತಗೋಳವೊಂದನ್ನಿಟ್ಟು ವಿದ್ಯುತ್ಕಿರಣಗಳನ್ನು ಹಾಯಿಸಲು, ಅದರ ಧ್ರುವಗಳ ಸುತ್ತಲೂ ಪ್ರಭಾವಲಯಗಳು ಮೂಡಿದುವು. ಸೂರ್ಯನಿಂದ ಬರುವ ವಿದ್ಯುತ್ಕಣಗಳೇ ಧ್ರುವಪ್ರಭೆಗೆ ಮೂಲವೆಂದೂ, ಆಕಾಶದಿಂದ ಕಾಂತರೇಖೆಗಳ ಗುಂಟ ವಿದ್ಯುತ್ಪ್ರವಾಹವು ಇಳಿದು ಏರುವುದೆಂದೂ ಈತನು ನಿಶ್ಚಯಿಸಿದನು.

ದ್ರವ್ಯಾರ್ಜನೆಗಾಗಿ ನಿರ್ಮಿಸಿದ ವಿದ್ಯುತ್ ಫಿರಂಗಿಯು 1903ರ ಬಹಿರಂಗ ಪ್ರದರ್ಶನದಲ್ಲಿ ಕೆಟ್ಟು ಉರಿಯನ್ನು ಕಾರಿತು. ಆ ಉರಿಯಿಂದಲೇ, ವಾಯುವಿನ ಸಾರಜನಕವನ್ನು ಗೊಬ್ಬರವಾಗಿಸುವ ಉಪಾಯವನ್ನು ಐಡೆ ಎಂಬ ಇಂಜಿನಿಯರನೊಡನೆ ಸಾಧಿಸಿದನು. 1905ರಲ್ಲಿ ನಾರ್ಸ್ಕ್ ಹೈಡ್ರೋ ಸಂಸ್ಥೆಯು ಸ್ಥಾಪಿತವಾಯಿತು. ಧನವು ಒದಗಿದರೂ ಮನ್ನಣೆ ಒದಗಲಿಲ್ಲ. ನಿದ್ರಾಹೀನತೆಯಿಂದಲೂ ಔಷಧಗಳಿಂದಲೂ ಜೀರ್ಣನಾದ ಈತನು, ಮಹಾಯುದ್ಧದ ನಡುವೆ ಈಜಿಪ್ಟಿನಿಂದ ಪೂರ್ವಮಾರ್ಗವಾಗಿ ಮನೆಗೆ ಮರಳುವಾಗ, 1917ರ ಜೂನ್ 15ರಂದು ಟೋಕಿಯೋದ ಹೋಟೆಲೊಂದರಲ್ಲಿ ಏಕಾಕಿಯಾಗಿ ಅಸುನೀಗಿದನು. ವಯಸ್ಸು ನಲವತ್ತೊಂಬತ್ತು.

ಅನಂತರವೂ ಬಹುಕಾಲ, ಆಂಗ್ಲ ಪಂಡಿತನಾದ ಸಿಡ್ನಿ ಚಾಪ್ಮನ್ನನ ಪಕ್ಷವೇ ಪ್ರಬಲವಾಗಿ, ಪ್ರವಾಹಗಳು ವಾಯುಮಂಡಲದೊಳಗೇ ಸುತ್ತುವುವೆಂಬ ಮತವು ನಡೆಯಿತು. ನೆಲದ ಮೇಲಿನ ಅಳತೆಗಳಿಂದ ಮಾತ್ರವೇ ಈ ವಾದವು ತೀರುವಂತಿರಲಿಲ್ಲ. 1962ರಲ್ಲಿ ಮ್ಯಾರಿನರ್-2 ಎಂಬ ನೌಕೆಯು ಸೌರಮಾರುತವು ನಿರಂತರವಾಗಿ ಬೀಸುತ್ತಿರುವುದನ್ನು ದೃಢಪಡಿಸಿತು. 1966ರಲ್ಲಿ ಅಮೆರಿಕದ ಉಪಗ್ರಹವೊಂದರ ಅಳತೆಗಳು ಬಿರ್ಕೆಲಾಂಡನ ಪ್ರವಾಹಗಳ ಗುರುತನ್ನು ತೋರಿದುವು. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದ ಆ ಮಾರುತವು ಸೂರ್ಯನ ಕಾಂತಬಲವನ್ನೂ ಹೊತ್ತುತರುವುದು. ಆ ಬಲವು ದಕ್ಷಿಣಾಭಿಮುಖವಾದಾಗ ಭೂಮಿಯ ಕಾಂತಕ್ಷೇತ್ರದೊಡನೆ ಬೆಸೆದುಕೊಂಡು, ಡೈನಮೋ ಯಂತ್ರದಲ್ಲಿ ಆಗುವಂತೆ, ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುವುದು. ಅದು ಕಾಂತರೇಖೆಗಳ ಮಾರ್ಗವಾಗಿ ಇಳಿದು, ಧ್ರುವಪ್ರದೇಶದ ಮೇಲೆ ನೂರು ಕಿಲೋಮೀಟರಿಗೂ ಎತ್ತರದ ವಾಯುಪದರಗಳಲ್ಲಿ ಹತ್ತಾರು ಸಾವಿರ ವೋಲ್ಟುಗಳ ಅಂತರವನ್ನುಂಟುಮಾಡುವುದು. ಹೀಗೆ ಹರಿಯುವ ಪ್ರವಾಹಗಳಿಗೆ ಈಗ ಬಿರ್ಕೆಲಾಂಡನ ಹೆಸರೇ ಸಂದಿದೆ.

ಆತನ ಎಲ್ಲ ಊಹೆಗಳೂ ನಿಂತವೆಂದು ನಾವು ಹೇಳುವುದಿಲ್ಲ. ಆದರೆ ಆಸನದ ಹಿರಿಮೆಯಿಂದ ಬಂದ ತೀರ್ಪನ್ನು ಹಿಮದಲ್ಲಿ ನಿಂತು ಅಳೆದವನ ಲೆಕ್ಕವು ಕೊನೆಗೆ ಗೆದ್ದಿತು. 1994ರಲ್ಲಿ ನಾರ್ವೆಯು ಇನ್ನೂರು ಕ್ರೋನರ್ ನೋಟಿನ ಮೇಲೆ ಆತನ ಚಿತ್ರವನ್ನು ಅಚ್ಚೊತ್ತಿಸಿತು. ಗೌರವವು ತಡವಾಗಿ ಬಂದಿತು. ನಮ್ಮ ತರುಣ ವಿದ್ಯಾರ್ಥಿಗಳು ಆ ಗೌರವಕ್ಕಿಂತ ಆತನ ಪರೀಕ್ಷಾಬುದ್ಧಿಯನ್ನು ಆದರ್ಶವಾಗಿಟ್ಟುಕೊಳ್ಳಲೆಂದು ಹಾರೈಸುತ್ತೇವೆ.